ಕೊಲೆಸ್ಟ್ರಾಲ್‌ಗೆ ಹೆಸರಿಟ್ಟ ಶೆವ್ರಲ್: ಮೊಟ್ಟೆ ಮುಟ್ಟದವರಿಗೂ ಇದು ಏರುವುದೇಕೆ?

ಹೋದ ತಿಂಗಳು ವಸಂತಪುರದ ನಮ್ಮ ಮನೆಗೆ ದೊಡ್ಡಮ್ಮ ಬಂದಿದ್ದರು. ಕೈಯಲ್ಲಿ ರಕ್ತಪರೀಕ್ಷೆಯ ರಿಪೋರ್ಟ್. ಎಲ್‌ಡಿಎಲ್ ಎಂಬ ಸಾಲಿನ ಎದುರು 168 ಎಂದು ದಪ್ಪಕ್ಷರದಲ್ಲಿತ್ತು. ದೊಡ್ಡಮ್ಮ ಹುಟ್ಟಿದಾಗಿನಿಂದ ಮೊಟ್ಟೆ ಮುಟ್ಟಿದವರಲ್ಲ, ಮಾಂಸದ ಮಾತೇ ಇಲ್ಲ. ಮನೆಗೆ ತರುವ ಅಡುಗೆ ಎಣ್ಣೆಯ ಪ್ಯಾಕೆಟ್ ಮೇಲೂ ಕೊಲೆಸ್ಟ್ರಾಲ್ ಇಲ್ಲ ಎಂದೇ ಬರೆದಿದೆ. ಹಾಗಿದ್ದ ಮೇಲೆ ಇದು ತಮಗೆ ಎಲ್ಲಿಂದ ಬಂತು ಅನ್ನುವುದು ಅವರ ಪ್ರಶ್ನೆ.

ಉತ್ತರ ಸಿಗದಿದ್ದಾಗ ಅವರ ಫೋನಿಗೆ ಒಂದು ಫಾರ್ವರ್ಡ್ ಬಂದಿದೆ. ಕೊಲೆಸ್ಟ್ರಾಲ್ ಅನ್ನುವುದೇ ಮಾತ್ರೆ ಕಂಪನಿಗಳು ಹುಟ್ಟುಹಾಕಿದ ಸುಳ್ಳು, ನಿಂಬೆಹಣ್ಣು ಬೆಳ್ಳುಳ್ಳಿ ಕಷಾಯ ಕುಡಿದರೆ ಸಾಕು ಎಂದು ಅದರಲ್ಲಿತ್ತು. ಡಾಕ್ಟರ್ ಬರೆದುಕೊಟ್ಟ ಮಾತ್ರೆಯನ್ನು ಅವರು ಎರಡು ವಾರದಿಂದ ನಿಲ್ಲಿಸಿಬಿಟ್ಟಿದ್ದರು.

ಈ ಲೇಖನ ಬರೆಯಲು ಅದೇ ಕಾರಣ. ಕೊಲೆಸ್ಟ್ರಾಲ್‌ಗೆ ಹೆಸರು ಬಿದ್ದದ್ದು ಸುಮಾರು 1815ರಲ್ಲಿ. ಕೊಲೆಸ್ಟ್ರಾಲ್ ಇಳಿಸುವ ಸ್ಟ್ಯಾಟಿನ್ ಮಾತ್ರೆ ಮೊದಲ ಬಾರಿಗೆ ಮಾರುಕಟ್ಟೆಗೆ ಬಂದದ್ದು 1987ರಲ್ಲಿ. ನಡುವೆ 170ಕ್ಕೂ ಹೆಚ್ಚು ವರ್ಷಗಳ ಅಂತರವಿದೆ. ಆ ಹೆಸರಿಟ್ಟವರು ಫ್ರಾನ್ಸಿನ ರಸಾಯನ ವಿಜ್ಞಾನಿ ಮಿಶೆಲ್ ಯೂಜೀನ್ ಶೆವ್ರಲ್. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರ ಹಾಗೆ ನೂರು ದಾಟಿ ಬದುಕಿದವರು. ಎಣ್ಣೆ, ಕೊಬ್ಬು, ಸಾಬೂನು, ಬಣ್ಣ, ಜೊತೆಗೆ ಜನರ ಮೂಢನಂಬಿಕೆ, ಎಲ್ಲವನ್ನೂ ಪರೀಕ್ಷೆಗೆ ಒಡ್ಡಿದವರು. ದೊಡ್ಡಮ್ಮನ ಪ್ರಶ್ನೆಗೆ ಅರ್ಧ ಉತ್ತರ ಅವರ ಬದುಕಿನಲ್ಲೇ ಇದೆ.

ವೈದ್ಯರ ಮನೆಯ ಹುಡುಗ

ಶೆವ್ರಲ್ ಹುಟ್ಟಿದ್ದು 1786ರ ಆಗಸ್ಟ್ 31ರಂದು, ಫ್ರಾನ್ಸಿನ ಆಂಜೆ ಎಂಬ ಊರಿನಲ್ಲಿ. ತಂದೆ ಹೆಸರಾಂತ ವೈದ್ಯರು. ತಂದೆ, ತಾಯಿ ಇಬ್ಬರೂ ತೊಂಬತ್ತು ದಾಟಿದವರು. ಈ ಸಂಗತಿ ನೆನಪಿಟ್ಟುಕೊಳ್ಳಿ, ಕೊನೆಯಲ್ಲಿ ಬೇಕಾಗುತ್ತದೆ.

ಹುಡುಗನಿಗೆ ಮೂರು ವರ್ಷ ತುಂಬುವ ಮೊದಲೇ ಫ್ರಾನ್ಸಿನಲ್ಲಿ ಕ್ರಾಂತಿ ಶುರುವಾಯಿತು. ರಾಜ ಹೋದ, ಗಣರಾಜ್ಯ ಬಂತು, ಮುಂದೆ ನೆಪೋಲಿಯನ್ ಬಂದ. 1803ರಲ್ಲಿ, 17ನೇ ವಯಸ್ಸಿಗೆ, ಶೆವ್ರಲ್ ರಸಾಯನಶಾಸ್ತ್ರ ಕಲಿಯಲು ಪ್ಯಾರಿಸ್‌ಗೆ ಹೋದರು. ಅಲ್ಲಿ ಅವರಿಗೆ ಗುರುವಾಗಿ ಸಿಕ್ಕಿದ್ದು ನಿಕೋಲಾ ಲೂಯಿ ವೋಕ್ಲಾಂ. ಕ್ರೋಮಿಯಂ ಎಂಬ ಲೋಹವನ್ನು ಕಂಡುಹಿಡಿದವರು ಇವರೇ.

ಒಂದು ತುಂಡು ಸಾಬೂನು

1811ರ ಸುಮಾರಿಗೆ ಶೆವ್ರಲ್ ಕೈಗೆ ಪರೀಕ್ಷೆಗೆಂದು ಒಂದು ಸಾಬೂನು ಬಂತು. ಹಂದಿಯ ಕೊಬ್ಬಿಗೆ ಕ್ಷಾರ ಸೇರಿಸಿ ಮಾಡಿದ್ದು. ನೀರಿನಲ್ಲಿ ಕದಡಿದಾಗ ಮುತ್ತಿನಂತೆ ಹೊಳೆಯುವ ಹರಳುಗಳು ಕಾಣಿಸಿದವು. ಸಾಬೂನನ್ನು ಸಾವಿರಾರು ವರ್ಷಗಳಿಂದ ಜನ ಮಾಡುತ್ತಿದ್ದರು. ಆದರೆ ಕೊಬ್ಬು ಸಾಬೂನಾಗುವಾಗ ಒಳಗೆ ಏನಾಗುತ್ತದೆ ಎಂದು ಯಾರಿಗೂ ಸರಿಯಾಗಿ ತಿಳಿದಿರಲಿಲ್ಲ.

ಶೆವ್ರಲ್ ಅದರ ಹಿಂದೆ ಬಿದ್ದರು. ಹನ್ನೆರಡು ವರ್ಷ ಬಿಡಲಿಲ್ಲ. ಬೆಣ್ಣೆ, ಹಂದಿ ಕೊಬ್ಬು, ಕುರಿ ಕೊಬ್ಬು, ಹೀಗೆ ಒಂದೊಂದನ್ನೇ ಕ್ಷಾರದ ಜೊತೆ ಕುದಿಸಿ ಬಿಡಿಸಿ ನೋಡಿದರು. ಕೊಬ್ಬು ಒಂದೇ ವಸ್ತುವಲ್ಲ, ಅದು ಗ್ಲಿಸರಿನ್ ಮತ್ತು ಕೊಬ್ಬಿನಾಮ್ಲಗಳು ಸೇರಿ ಆದದ್ದು ಎಂದು ತೋರಿಸಿದರು. ಗ್ಲಿಸರಿನ್ ಎಂಬ ಹೆಸರೂ ಅವರು ಕೊಟ್ಟದ್ದೇ. ಕೊಬ್ಬಿನಾಮ್ಲಗಳಲ್ಲಿ ಕೆಲವು ಗಟ್ಟಿ, ಕೆಲವು ದ್ರವ. ಸ್ಟಿಯರಿಕ್ ಆಮ್ಲ ಕೋಣೆಯ ತಾಪದಲ್ಲಿ ಗಟ್ಟಿಯಾಗಿರುತ್ತದೆ, ಓಲಿಯಿಕ್ ಆಮ್ಲ ಎಣ್ಣೆಯ ಹಾಗೆ ಹರಿಯುತ್ತದೆ. 1823ರಲ್ಲಿ ಈ ಎಲ್ಲ ಕೆಲಸವನ್ನು ಪುಸ್ತಕವಾಗಿ ಹೊರತಂದರು.

ಅವರು ಮಾಡಿದ್ದೆಲ್ಲ ಸರಿಯಾಗಿತ್ತು ಎಂದೇನಲ್ಲ. ಹೊಳೆಯುವ ಹರಳಿನ ಆಮ್ಲ ಒಂದೇ ವಸ್ತು ಎಂದುಕೊಂಡು ಅದಕ್ಕೆ ಮಾರ್ಗರಿಕ್ ಎಂದು ಹೆಸರಿಟ್ಟಿದ್ದರು. ಅದು ಎರಡು ಆಮ್ಲಗಳ ಮಿಶ್ರಣ ಎಂದು ಮುಂದೆ ಬೇರೆಯವರು ತೋರಿಸಿದರು. ವಿಜ್ಞಾನ ಹೀಗೆಯೇ ನಡೆಯುತ್ತದೆ. ತಪ್ಪನ್ನು ತಿದ್ದಿಕೊಂಡು ಮುಂದೆ ಹೋಗುತ್ತದೆ.

ಸಾಬೂನಾಗದ ಕೊಬ್ಬು

ಈಗ ನಮ್ಮ ಕಥೆಯ ಮುಖ್ಯ ಭಾಗಕ್ಕೆ ಬರೋಣ. ಪಿತ್ತಕೋಶದಲ್ಲಿ ಕೆಲವರಿಗೆ ಕಲ್ಲುಗಳಾಗುತ್ತವಲ್ಲ, ಆ ಕಲ್ಲಿನಿಂದ ಬಿಳಿಯ, ಮೇಣದಂಥ ವಸ್ತುವೊಂದನ್ನು 18ನೇ ಶತಮಾನದಲ್ಲೇ ಫ್ರಾನ್ಸಿನ ವೈದ್ಯರೊಬ್ಬರು ಬೇರ್ಪಡಿಸಿದ್ದರು. ಮುಟ್ಟಿದರೆ ಜಿಡ್ಡು, ನೀರಿನಲ್ಲಿ ಕರಗುವುದಿಲ್ಲ. ಎಲ್ಲರೂ ಅದನ್ನು ಒಂದು ಬಗೆಯ ಕೊಬ್ಬು ಎಂದುಕೊಂಡಿದ್ದರು.

ಶೆವ್ರಲ್ ಅದನ್ನೂ ಕ್ಷಾರದ ಜೊತೆ ಕುದಿಸಿದರು. ಕೊಬ್ಬಾಗಿದ್ದರೆ ಸಾಬೂನು ಆಗಬೇಕಿತ್ತು. ಆಗಲಿಲ್ಲ. ಎಷ್ಟು ಕುದಿಸಿದರೂ ಅದು ಹಾಗೇ ಉಳಿಯಿತು. ನೋಡಲು ಕೊಬ್ಬಿನ ಹಾಗಿದ್ದರೂ ಇದು ಬೇರೆಯೇ ವಸ್ತು ಎಂದು ಅವರಿಗೆ ಖಚಿತವಾಯಿತು. ಗ್ರೀಕ್ ಭಾಷೆಯಲ್ಲಿ ಕೋಲೆ ಎಂದರೆ ಪಿತ್ತ, ಸ್ಟೀರಿಯೋಸ್ ಎಂದರೆ ಗಟ್ಟಿ. ಎರಡನ್ನೂ ಸೇರಿಸಿ ಕೊಲೆಸ್ಟರೀನ್ ಎಂದು ಕರೆದರು. ಅದು ಆಲ್ಕೋಹಾಲ್ ಗುಂಪಿಗೆ ಸೇರಿದ ವಸ್ತು ಎಂದು 1859ರಲ್ಲಿ ಬರ್ತಲೋ ಎಂಬ ವಿಜ್ಞಾನಿ ತೋರಿಸಿದ ಮೇಲೆ, ಹೆಸರಿನ ತುದಿ ಬದಲಾಗಿ ಕೊಲೆಸ್ಟ್ರಾಲ್ ಆಯಿತು.

ಅದೇ 1815ರ ಸುಮಾರಿನಲ್ಲಿ ಅವರು ಇನ್ನೊಂದು ಕೆಲಸ ಮಾಡಿದರು. ಮಧುಮೇಹಿಗಳ ಮೂತ್ರದಲ್ಲಿರುವ ಸಿಹಿ ಯಾವುದು ಎಂದು ಪರೀಕ್ಷಿಸಿ, ದ್ರಾಕ್ಷಿಯಲ್ಲಿರುವ ಸಕ್ಕರೆಯೇ ಇದು ಎಂದು ಗುರುತಿಸಿದರು. ಇಂದು ನಾವು ಗ್ಲೂಕೋಸ್ ಎನ್ನುವುದು ಅದನ್ನೇ. ಹಾಗಾಗಿ ಲ್ಯಾಬ್‌ನವರು ಕೊಡುವ ರಿಪೋರ್ಟಿನಲ್ಲಿ ಶುಗರ್, ಕೊಲೆಸ್ಟ್ರಾಲ್ ಎರಡೂ ಸಾಲುಗಳ ಹಿಂದೆ ಈ ಮನುಷ್ಯ ನಿಂತಿದ್ದಾರೆ.

ಎಣ್ಣೆ ಪ್ಯಾಕೆಟ್‌ನ ಗುಟ್ಟೂ ಇಲ್ಲೇ ಬಿಚ್ಚಿಕೊಳ್ಳುತ್ತದೆ. ಕೊಬ್ಬು ಬೇರೆ, ಕೊಲೆಸ್ಟ್ರಾಲ್ ಬೇರೆ. ಕೊಲೆಸ್ಟ್ರಾಲ್ ಪ್ರಾಣಿಗಳ ದೇಹದಲ್ಲಿ ಆಗುವಂಥದ್ದು. ಕಡಲೆಕಾಯಿ, ಸೂರ್ಯಕಾಂತಿ, ತೆಂಗು, ತಾಳೆ, ಯಾವ ಗಿಡದ ಎಣ್ಣೆಯಲ್ಲೂ ಅದು ಲೆಕ್ಕಕ್ಕೆ ಬರುವಷ್ಟು ಇರುವುದಿಲ್ಲ. ಹಾಗಾಗಿ ಪ್ಯಾಕೆಟ್ ಮೇಲೆ ಬರೆದದ್ದು ಸುಳ್ಳಲ್ಲ. ಆದರೆ ಅದರಿಂದ ನಿಮಗೆ ಹೊಸದೇನೂ ತಿಳಿಯುವುದಿಲ್ಲ. ಬಾಳೆಹಣ್ಣಿನ ಮೇಲೆ ಮೂಳೆಯಿಲ್ಲ ಎಂದು ಬರೆದ ಹಾಗೆ.

ಕಪ್ಪು ಬಣ್ಣದ ದೂರು

1824ರಲ್ಲಿ ಶೆವ್ರಲ್‌ಗೆ ಪ್ಯಾರಿಸ್‌ನ ಗೊಬೆಲಾಂ ಕಾರ್ಖಾನೆಯಲ್ಲಿ ಬಣ್ಣ ಹಾಕುವ ವಿಭಾಗದ ಮುಖ್ಯಸ್ಥರ ಹುದ್ದೆ ಸಿಕ್ಕಿತು. ಅರಮನೆಗಳ ಗೋಡೆಗೆ ತೂಗುಹಾಕುವ ಚಿತ್ರಗಂಬಳಿಗಳನ್ನು ನೇಯುತ್ತಿದ್ದ ಜಾಗ ಅದು. ಹೋದ ಕೂಡಲೇ ದೂರು ಬಂತು. ಕಪ್ಪು ದಾರ ಸರಿಯಿಲ್ಲ, ನೀಲಿ ಮತ್ತು ನೇರಳೆ ಬಟ್ಟೆಯ ಮಡಿಕೆಗಳಲ್ಲಿ ನೆರಳು ತೋರಿಸಲು ಬಳಸಿದರೆ ಕಪ್ಪು ಮಂಕಾಗಿ ಕಾಣುತ್ತದೆ ಎಂದು.

ಬೇರೆಯವರಾಗಿದ್ದರೆ ಬಣ್ಣ ಹಾಕುವವರನ್ನು ಬೈದು ಕೈತೊಳೆದುಕೊಳ್ಳುತ್ತಿದ್ದರೇನೋ. ಶೆವ್ರಲ್ ಬೇರೆ ಕಡೆಯ ಒಳ್ಳೆಯ ಕಪ್ಪು ದಾರಗಳನ್ನು ತರಿಸಿ ಹೋಲಿಸಿದರು. ಗೊಬೆಲಾಂ ಕಪ್ಪು ಯಾವುದಕ್ಕೂ ಕಡಿಮೆ ಇರಲಿಲ್ಲ. ಮಂಕು ಕಾಣುತ್ತಿದ್ದುದು ದಾರದ ದೋಷದಿಂದಲ್ಲ, ಪಕ್ಕದ ನೀಲಿಯಿಂದ. ಒಂದು ಬಣ್ಣ ತನ್ನ ಪಕ್ಕದ ಬಣ್ಣವನ್ನು ನಮ್ಮ ಕಣ್ಣಿಗೆ ಬೇರೆಯಾಗಿ ಕಾಣಿಸುತ್ತದೆ. ಜಯನಗರ 4ನೇ ಬ್ಲಾಕ್‌ನಲ್ಲಿ ಸೀರೆಗೆ ಬ್ಲೌಸ್ ಪೀಸ್ ಹೊಂದಿಸಿ ನೋಡಿದವರಿಗೆಲ್ಲ ಇದು ಗೊತ್ತು. ಈ ಕುರಿತು ಅವರು 1839ರಲ್ಲಿ ಪ್ರಕಟಿಸಿದ ಪುಸ್ತಕ ಮುಂದೆ ಚಿತ್ರಕಾರರಿಗೂ ದಾರಿ ತೋರಿಸಿತು.

ದೂರು ನಿಜ, ಕಾರಣ ಬೇರೆ. ಈ ಮಾತನ್ನು ದೊಡ್ಡಮ್ಮನ ರಿಪೋರ್ಟಿಗೂ ಹೇಳಬಹುದು.

ತೂಗುವ ಉಂಗುರ

ಬೋರ್‌ವೆಲ್ ಕೊರೆಸುವ ಮೊದಲು ಅಂಗೈ ಮೇಲೆ ತೆಂಗಿನಕಾಯಿ ಇಟ್ಟುಕೊಂಡು ಜಮೀನಿನಲ್ಲಿ ನಡೆಯುವವರನ್ನು ನೀವು ನೋಡಿರಬಹುದು. ನೀರಿರುವ ಕಡೆ ಕಾಯಿ ತಾನಾಗಿ ಎದ್ದು ನಿಲ್ಲುತ್ತದೆ ಎಂದು ನಂಬಿಕೆ. ಶೆವ್ರಲ್ ಕಾಲದ ಫ್ರಾನ್ಸಿನಲ್ಲೂ ಇಂಥದ್ದೇ ಇತ್ತು. ದಾರಕ್ಕೆ ಕಬ್ಬಿಣದ ಉಂಗುರ ಕಟ್ಟಿ ಪಾದರಸದ ಮೇಲೆ ಹಿಡಿದರೆ ಉಂಗುರ ತಾನಾಗಿ ತೂಗುತ್ತದೆ ಎನ್ನುತ್ತಿದ್ದರು.

ಯುವಕ ಶೆವ್ರಲ್ ಸ್ವತಃ ಹಿಡಿದು ನೋಡಿದರು. ಉಂಗುರ ತೂಗಿತು! ನಡುವೆ ಗಾಜು ಇಟ್ಟಾಗ ನಿಂತಿತು. ನಂಬಲು ಇಷ್ಟು ಸಾಕಿತ್ತು. ಆದರೆ ಅವರು ಅಲ್ಲಿಗೆ ನಿಲ್ಲಿಸಲಿಲ್ಲ. ತೋಳನ್ನು ಮರದ ಆಸರೆಯ ಮೇಲೆ ಊರಿ ಹಿಡಿದರು. ಆಸರೆ ಬೆರಳುಗಳ ಹತ್ತಿರ ಬಂದಷ್ಟೂ ತೂಗಾಟ ಕಡಿಮೆಯಾಯಿತು. ಕೊನೆಗೆ ಕಣ್ಣಿಗೆ ಬಟ್ಟೆ ಕಟ್ಟಿಸಿಕೊಂಡು, ಗಾಜು ಯಾವಾಗ ಇಡುತ್ತಾರೆ ಎಂದು ತಮಗೆ ಗೊತ್ತಾಗದಂತೆ ಮಾಡಿಕೊಂಡರು. ಆಗ ಗಾಜಿನ ಪ್ರಭಾವ ಮಾಯವಾಯಿತು.

ಉಂಗುರವನ್ನು ತೂಗಿಸುತ್ತಿದ್ದುದು ಪಾದರಸವಲ್ಲ, ಅವರದೇ ಕೈ. ತೂಗುತ್ತದೆ ಎಂದು ನಿರೀಕ್ಷಿಸುತ್ತಿದ್ದ ಮನಸ್ಸು ಅವರಿಗೆ ತಿಳಿಯದೆ ಸ್ನಾಯುಗಳನ್ನು ಚೂರೇ ಚೂರು ಅಲುಗಿಸುತ್ತಿತ್ತು. ಇದನ್ನು 1833ರಲ್ಲಿ ಪ್ರಕಟಿಸಿದರು. ಮೇಜು ತಾನಾಗಿ ತಿರುಗುತ್ತದೆ, ಆತ್ಮಗಳು ಮಾತಾಡುತ್ತವೆ ಎಂಬ ಗೀಳು ಪ್ಯಾರಿಸ್‌ಗೆ ಹಬ್ಬಿದಾಗ, 1854ರಲ್ಲಿ ಇದೇ ವಿಷಯಕ್ಕೆ ಒಂದು ಪುಸ್ತಕ ಬರೆದರು.

ಕಷಾಯದ ಫಾರ್ವರ್ಡ್‌ಗೂ ಈ ಪರೀಕ್ಷೆ ಒಪ್ಪುತ್ತದೆ. ಕಷಾಯ ಕುಡಿದ ಮೇಲೆ ಹಗುರ ಅನ್ನಿಸುವುದು ನಿಜವಿರಬಹುದು. ಕೊಲೆಸ್ಟ್ರಾಲ್ ಏರಿದಾಗ ಹೆಚ್ಚಿನವರಿಗೆ ಯಾವ ಲಕ್ಷಣವೂ ಇರುವುದಿಲ್ಲ. ಅದು ಏರಿದ್ದೂ ಗೊತ್ತಾಗದು, ಇಳಿದದ್ದೂ ಗೊತ್ತಾಗದು. ಅನ್ನಿಸಿದ್ದನ್ನು ನಂಬಿ ಮಾತ್ರೆ ಬಿಟ್ಟರೆ, ತೂಗುವ ಉಂಗುರವನ್ನು ನಂಬಿದ ಹಾಗೆ. ಗೊತ್ತಾಗುವುದು ರಕ್ತಪರೀಕ್ಷೆಯಿಂದ ಮಾತ್ರ.

ನೂರರ ನಂತರವೂ ವಿದ್ಯಾರ್ಥಿ

ಗುರು ವೋಕ್ಲಾಂ ತೀರಿಕೊಂಡ ಮೇಲೆ 1830ರಲ್ಲಿ ಶೆವ್ರಲ್ ಪ್ಯಾರಿಸ್‌ನ ನಿಸರ್ಗ ವಿಜ್ಞಾನ ಸಂಗ್ರಹಾಲಯದಲ್ಲಿ ಪ್ರಾಧ್ಯಾಪಕರಾದರು. ಮುಂದೆ ಅದರ ನಿರ್ದೇಶಕರೂ ಆದರು. 1857ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಕೋಪ್ಲಿ ಪದಕ ಕೊಟ್ಟಿತು. ಜರ್ಮನ್ ಸೇನೆ ಪ್ಯಾರಿಸ್‌ಗೆ ಮುತ್ತಿಗೆ ಹಾಕಿದ್ದಾಗ, 1871ರ ಜನವರಿಯಲ್ಲಿ ಗುಂಡುಗಳು ಸಂಗ್ರಹಾಲಯದ ಮೇಲೂ ಬಿದ್ದವು. ಆಗ ಅವರಿಗೆ 84 ವರ್ಷ. ಊರು ಬಿಡಲಿಲ್ಲ. ವಿಜ್ಞಾನದ ಮನೆಯ ಮೇಲೆ ಗುಂಡು ಹಾರಿಸಿದ್ದನ್ನು ಬಹಿರಂಗವಾಗಿ ಖಂಡಿಸಿದರು.

1886ರಲ್ಲಿ ನೂರು ತುಂಬಿದಾಗ ಫ್ರಾನ್ಸ್ ಹಬ್ಬ ಮಾಡಿತು. ಹೆಸರಾಂತ ಛಾಯಾಗ್ರಾಹಕ ನದಾರ್ ಅವರೊಂದಿಗೆ ಮಾತಾಡುತ್ತ ಕುಳಿತರು, ನದಾರ್ ಮಗ ಸಾಲಾಗಿ ಫೋಟೋ ತೆಗೆದರು. ಫೋಟೋಗಳ ಜೊತೆ ಪತ್ರಿಕೆಯಲ್ಲಿ ಬಂದ ಮೊದಲ ಸಂದರ್ಶನಗಳಲ್ಲಿ ಅದೂ ಒಂದು. ಆ ವಯಸ್ಸಿನಲ್ಲೂ ತಮ್ಮನ್ನು ವಿದ್ಯಾರ್ಥಿಗಳ ಪೈಕಿ ಹಿರಿಯ ಎಂದೇ ಕರೆದುಕೊಳ್ಳುತ್ತಿದ್ದರು.

1889ರ ಏಪ್ರಿಲ್ 9ರಂದು, 102ನೇ ವಯಸ್ಸಿನಲ್ಲಿ, ಶೆವ್ರಲ್ ತೀರಿಕೊಂಡರು. ಅದಕ್ಕೆ ಒಂಬತ್ತು ದಿನ ಮುಂಚೆಯಷ್ಟೇ ಐಫೆಲ್ ಗೋಪುರ ಸಿದ್ಧವಾಗಿತ್ತು. ಗೋಪುರದ ಮೇಲೆ ಕೆತ್ತಿರುವ 72 ವಿಜ್ಞಾನಿ, ಎಂಜಿನಿಯರ್‌ಗಳ ಹೆಸರುಗಳಲ್ಲಿ ಅವರದೂ ಒಂದು.

ಉಳಿದರ್ಧ ಉತ್ತರ

ಕೊಲೆಸ್ಟ್ರಾಲ್ ರಕ್ತನಾಳಕ್ಕೆ ಏನು ಮಾಡುತ್ತದೆ ಎಂಬುದು ಶೆವ್ರಲ್‌ಗೆ ಗೊತ್ತಿರಲಿಲ್ಲ. ಅದು ತಿಳಿದದ್ದು ಅವರ ನಂತರ. 1910ರಲ್ಲಿ ಜರ್ಮನಿಯ ವಿಂಡೌಸ್, ಕೆಟ್ಟುಹೋದ ರಕ್ತನಾಳದ ಗೋಡೆಯಲ್ಲಿ ಕೊಲೆಸ್ಟ್ರಾಲ್ ಹಲವು ಪಟ್ಟು ಹೆಚ್ಚಿರುವುದನ್ನು ಅಳೆದರು. 1913ರಲ್ಲಿ ರಷ್ಯಾದ ಅನಿಚ್ಕೋವ್, ಮೊಲಗಳಿಗೆ ಕೊಲೆಸ್ಟ್ರಾಲ್ ತಿನ್ನಿಸಿ ಅವುಗಳ ರಕ್ತನಾಳ ಕಟ್ಟಿಕೊಳ್ಳುವುದನ್ನು ತೋರಿಸಿದರು. ಇಲ್ಲಿಂದಲೇ ಮೊಟ್ಟೆಯ ಮೇಲೆ ಎಲ್ಲರ ಕಣ್ಣು ಬಿತ್ತು. ಆದರೆ ಮೊಲ ಸೊಪ್ಪು ತಿನ್ನುವ ಪ್ರಾಣಿ, ತಿಂದ ಕೊಲೆಸ್ಟ್ರಾಲನ್ನು ನಿಭಾಯಿಸಲು ಅದಕ್ಕೆ ಬರುವುದಿಲ್ಲ. ನಮ್ಮ ದೇಹ ಹಾಗಲ್ಲ. ನಮಗೆ ಬೇಕಾದ ಕೊಲೆಸ್ಟ್ರಾಲ್‌ನ ಹೆಚ್ಚಿನ ಪಾಲನ್ನು ಲಿವರ್ ಮತ್ತು ಇತರ ಜೀವಕೋಶಗಳು ತಾವೇ ತಯಾರಿಸುತ್ತವೆ. ಜೀವಕೋಶಗಳ ಗೋಡೆಗೆ, ಹಾರ್ಮೋನ್‌ಗಳಿಗೆ, ಪಿತ್ತರಸಕ್ಕೆ ಅದು ಬೇಕೇ ಬೇಕು. ಮೊಟ್ಟೆ ತಿನ್ನದವರ ದೇಹದಲ್ಲೂ ಅದು ದಿನವೂ ಆಗುತ್ತಿರುತ್ತದೆ.

ಹಾಗಾದರೆ ಏರುವುದು ಯಾಕೆ? ರಕ್ತದಲ್ಲಿ ಕೊಲೆಸ್ಟ್ರಾಲನ್ನು ಹೊತ್ತು ತಿರುಗುವ ಕಣ ಎಲ್‌ಡಿಎಲ್. ಕೆಲಸ ಮುಗಿದ ಮೇಲೆ ಅದನ್ನು ಹಿಡಿದು ಒಳಕ್ಕೆಳೆದುಕೊಳ್ಳುವುದು ಲಿವರ್. ಇದನ್ನು ವಿವರಿಸಿದ ಬ್ರೌನ್ ಮತ್ತು ಗೋಲ್ಡ್‌ಸ್ಟೀನ್ 1985ರಲ್ಲಿ ನೊಬೆಲ್ ಪಡೆದರು. ನಮ್ಮ ಬೀದಿಯ ಕಸದ ಆಟೋ ನೆನಪಿಸಿಕೊಳ್ಳಿ. ಮನೆಗಳಲ್ಲಿ ಕಸ ಎಂದಿನಷ್ಟೇ ಆಗುತ್ತಿದ್ದರೂ ಆಟೋ ದಿನ ಬಿಟ್ಟು ದಿನ ಬಂದರೆ ಮೂಲೆಯಲ್ಲಿ ರಾಶಿ ಬೀಳುತ್ತದೆ. ಲಿವರ್ ಎಲ್‌ಡಿಎಲ್ ಎತ್ತಿಕೊಳ್ಳುವುದು ನಿಧಾನವಾದರೆ ರಕ್ತದಲ್ಲೂ ಹಾಗೆಯೇ.

ಆಟೋ ನಿಧಾನವಾಗಲು ಕಾರಣಗಳು ಹಲವು.

ಮೊದಲನೆಯದು ಗಟ್ಟಿ ಕೊಬ್ಬು, ಅಂದರೆ ಸ್ಯಾಚುರೇಟೆಡ್ ಕೊಬ್ಬು. ಬೆಣ್ಣೆ, ತುಪ್ಪ, ತಾಳೆ ಎಣ್ಣೆ, ತೆಂಗಿನೆಣ್ಣೆ ಇದರಲ್ಲಿ ಮುಂದೆ. ತೆಂಗಿನೆಣ್ಣೆಯಲ್ಲಿ ನೂರಕ್ಕೆ ಎಂಬತ್ತಕ್ಕೂ ಹೆಚ್ಚು ಪಾಲು ಇದೇ. ಅದರಲ್ಲಿ ಕೊಲೆಸ್ಟ್ರಾಲ್ ಇಲ್ಲದಿದ್ದರೂ ಅದು ರಕ್ತದ ಎಲ್‌ಡಿಎಲ್ ಏರಿಸುತ್ತದೆ. ಶೆವ್ರಲ್ ಕೊಬ್ಬನ್ನೂ ಕೊಲೆಸ್ಟ್ರಾಲನ್ನೂ ಬೇರೆ ಮಾಡಿ ನೋಡಿದ್ದು ಇಂದಿಗೂ ನಮ್ಮ ಅಡುಗೆಮನೆಗೆ ಯಾಕೆ ಬೇಕು ಎಂದು ಈಗ ಗೊತ್ತಾಗುತ್ತದೆ. ಡಾಲ್ಡಾ ಬಗೆಯ ವನಸ್ಪತಿ, ಪದೇ ಪದೇ ಕಾಯಿಸಿದ ಎಣ್ಣೆಯಲ್ಲಿ ಇರಬಹುದಾದ ಟ್ರಾನ್ಸ್ ಕೊಬ್ಬು ಇನ್ನೂ ಕೆಟ್ಟದ್ದು. 2022ರಿಂದ ಭಾರತದಲ್ಲಿ ಎಣ್ಣೆ, ಕೊಬ್ಬುಗಳಲ್ಲಿ ಅದು ಶೇ. 2 ಮೀರುವಂತಿಲ್ಲ.

ಎರಡನೆಯದು ವಂಶ. ಸುಮಾರು 250ರಿಂದ 300 ಜನರಲ್ಲಿ ಒಬ್ಬರಿಗೆ ಹುಟ್ಟಿನಿಂದಲೇ ಎಲ್‌ಡಿಎಲ್ ಎತ್ತಿಕೊಳ್ಳುವ ವ್ಯವಸ್ಥೆಯಲ್ಲಿ ದೋಷವಿರುತ್ತದೆ. ಅವರು ಸಣ್ಣಗಿದ್ದರೂ, ಸಸ್ಯಾಹಾರಿಯಾಗಿದ್ದರೂ ಎಲ್‌ಡಿಎಲ್ ಬಹಳ ಹೆಚ್ಚಿರುತ್ತದೆ. ಮನೆಯಲ್ಲಿ ಯಾರಿಗಾದರೂ ಚಿಕ್ಕ ವಯಸ್ಸಿನಲ್ಲೇ ಹೃದಯಾಘಾತ ಆಗಿದ್ದರೆ ಮಕ್ಕಳಿಗೂ ಪರೀಕ್ಷೆ ಮಾಡಿಸಬೇಕು.

ಮೂರನೆಯದು ಬೇರೆ ಕಾಯಿಲೆಗಳು. ಥೈರಾಯ್ಡ್ ಕಡಿಮೆಯಾದರೆ, ಮಧುಮೇಹವಿದ್ದರೆ, ಕೆಲವು ಮೂತ್ರಪಿಂಡದ ತೊಂದರೆಗಳಿದ್ದರೆ ರಿಪೋರ್ಟಿನ ಅಂಕಿಗಳು ಕೆಡುತ್ತವೆ. ಹೆಂಗಸರಲ್ಲಿ ಮುಟ್ಟು ನಿಂತ ಮೇಲೆ ಎಲ್‌ಡಿಎಲ್ ಏರುವುದು ಸಾಮಾನ್ಯ. ಇವುಗಳ ಜೊತೆ ಮೈತೂಕ, ಕೂತೇ ಇರುವ ಕೆಲಸ ಮತ್ತು ಸಿಗರೇಟು ಸೇರಿದರೆ ಹೃದಯಕ್ಕೆ ಅಪಾಯ ಹೆಚ್ಚುತ್ತದೆ.

ಫಾರ್ವರ್ಡ್ ಮಾಡುವ ಮುನ್ನ

ಶೆವ್ರಲ್ 102 ವರ್ಷ ಬದುಕಿದರಲ್ಲ, ಅವರು ಏನು ತಿನ್ನುತ್ತಿದ್ದರು ಎಂದು ಯಾರಾದರೂ ಒಂದು ಫಾರ್ವರ್ಡ್ ಮಾಡಬಹುದು. ಅದನ್ನೂ ನಂಬಬೇಡಿ. ಅವರ ತಂದೆ ತಾಯಿ ಇಬ್ಬರೂ ತೊಂಬತ್ತು ದಾಟಿದ್ದರು ಎಂದು ಆರಂಭದಲ್ಲಿ ಹೇಳಿದ್ದೆ. ಒಬ್ಬರ ಆಯುಷ್ಯ ಯಾವುದಕ್ಕೂ ಪುರಾವೆಯಲ್ಲ. ತುಪ್ಪ ತಿಂದೇ ತೊಂಬತ್ತು ಬದುಕಿದ ನಮ್ಮ ಮುತ್ತಜ್ಜನೂ ಅಲ್ಲ.

ದೊಡ್ಡಮ್ಮನನ್ನು ಮತ್ತೆ ಡಾಕ್ಟರ್ ಹತ್ತಿರ ಕರೆದುಕೊಂಡು ಹೋದೆವು. ಅವರು ಮನೆಯವರ ಹೃದಯದ ಕಾಯಿಲೆಗಳ ಬಗ್ಗೆ ಕೇಳಿದರು, ಅಡುಗೆಗೆ ಯಾವ ಎಣ್ಣೆ ಎಂದು ಕೇಳಿದರು, ಥೈರಾಯ್ಡ್ ಪರೀಕ್ಷೆ ಬರೆದುಕೊಟ್ಟರು. ಥೈರಾಯ್ಡ್ ಕಡಿಮೆ ಇತ್ತು. ಇಷ್ಟು ದಿನ ಸುಸ್ತಿಗೆ ವಯಸ್ಸೇ ಕಾರಣ ಎಂದುಕೊಂಡಿದ್ದರು. ಈಗ ಅದಕ್ಕೂ ಮಾತ್ರೆ ಶುರುವಾಗಿದೆ, ನಿಲ್ಲಿಸಿದ್ದ ಮಾತ್ರೆಯೂ ಡಾಕ್ಟರ್ ಹೇಳಿದ ಹಾಗೆ ಮತ್ತೆ ನಡೆಯುತ್ತಿದೆ. ಬೆಳಗ್ಗೆ ವಸಂತ ವಲ್ಲಭರಾಯ ದೇವಸ್ಥಾನದವರೆಗೆ ನಡೆದು ಬರುತ್ತಾರೆ. ಎಣ್ಣೆ ಪ್ಯಾಕೆಟ್‌ನ ಮುಂಭಾಗ ಓದುವುದು ಬಿಟ್ಟು ಹಿಂಭಾಗದಲ್ಲಿ ಸ್ಯಾಚುರೇಟೆಡ್ ಕೊಬ್ಬು ಎಷ್ಟಿದೆ ಎಂದು ಕನ್ನಡಕ ಹಾಕಿಕೊಂಡು ಹುಡುಕುತ್ತಾರೆ.

ನಿಮಗೂ ಇಂಥ ರಿಪೋರ್ಟ್ ಬಂದಿದ್ದರೆ ಯಾವುದನ್ನೂ ನೀವಾಗಿಯೇ ನಿಲ್ಲಿಸಬೇಡಿ. ಮಾತ್ರೆಯಿಂದ ಮೈಕೈ ನೋವು ಬಂದರೂ ಡಾಕ್ಟರಿಗೆ ಹೇಳಿ, ಪ್ರಮಾಣವನ್ನೋ ಮಾತ್ರೆಯನ್ನೋ ಬದಲಿಸಲು ದಾರಿಯಿದೆ. ಏರಿದ್ದು ನಿಜವೇ ಎಂದು ಪರೀಕ್ಷೆಯಿಂದ ತಿಳಿದುಕೊಳ್ಳಿ, ಯಾಕೆ ಏರಿತು ಎಂದು ಡಾಕ್ಟರನ್ನು ಕೇಳಿ. ಕಷಾಯದ ಫಾರ್ವರ್ಡ್ ಬಂದ ಗುಂಪಿಗೆ ಈ ಲೇಖನವನ್ನೂ ಕಳಿಸಿ. ಅಲ್ಲಿ ಮಾತ್ರೆ ನಿಲ್ಲಿಸಿ ಕುಳಿತಿರುವ ಇನ್ನೊಬ್ಬ ದೊಡ್ಡಮ್ಮ ಇರಬಹುದು.